ಹಳೇ ಲ್ಯಾಪ್‌ಟಾಪ್‌ನಲ್ಲೇ ಕಂಸಾಳೆ ಪದ ಟ್ರ್ಯಾಕ್‌ಗೆ ಪ್ರಿಂಟ್ ಮಾಡಿದ ನನ್ನ ಅನುಭವ

ಹೋದ ವಾರ ಆರು ಪದಗಳ ಮಿಕ್ಸ್ ಮುಗಿಸಿ ಮೇಳದವರ ಕೈಗೆ ಕೊಟ್ಟೆ. ಏಳು ಜನರ ಕಂಸಾಳೆ ಮೇಳ, ಎಲ್ಲವೂ ಮಾದಪ್ಪನ ಪದ. ಮಂಡ್ಯದ ನನ್ನ ರೂಮಲ್ಲೇ ಮಾಡಿದ್ದು, 8 ಜಿಬಿ ರ್‍ಯಾಮ್‌ನ ಅದೇ ಹಳೇ ಲ್ಯಾಪ್‌ಟಾಪ್‌ನಲ್ಲಿ. "ಅದರಲ್ಲಿ ಆಗಲ್ಲ, ಎಂಬತ್ತು ಸಾವಿರ ಹಾಕಿ ಹೊಸದು ತಗೋ" ಅಂತ ಬೆಂಗಳೂರಿನ ಗೆಳೆಯರು ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ಮೈಸೂರಿನ ಒಬ್ಬರು "ಫ್ರೀಜ್ (ಎಫೆಕ್ಟ್ ಸಮೇತ ಟ್ರ್ಯಾಕನ್ನು ಸಾಫ್ಟ್‌ವೇರೇ ಫೈಲ್ ಮಾಡಿ ಕಂಪ್ಯೂಟರ್ ಹೊರೆ ಇಳಿಸೋದು) ಇರುವಾಗ ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಯಾಕೆ ರೆಕಾರ್ಡ್ ಮಾಡ್ತೀಯ, ಮನೆ ಸ್ಟುಡಿಯೊದವರೆಲ್ಲ ಹೀಗೇ" ಅಂದರು. 1935ರಲ್ಲಿ ಅದೇ ಮೈಸೂರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ್ದು, ಆ ಕೇಂದ್ರಕ್ಕೇ ಆಕಾಶವಾಣಿ ಅಂತ ಹೆಸರಾಗಿದ್ದು. ಮನೆ ಅನ್ನೋದು ಬೈಗುಳ ಅಲ್ಲ ಅಲ್ವಾ?

ಫ್ರೀಜ್ ನನಗೂ ಗೊತ್ತು. ಆದರೆ ನನಗೆ ಬೇಕಿದ್ದದ್ದು ಬೇರೆ. ಮುಂದಾಳು ಸಾಲಿನ ಕೊನೆ ಎಳೆಯುತ್ತಾರಲ್ಲ, ಅಲ್ಲಿ ಮಾರ್ದನಿ ಹೆಚ್ಚುಕಡಿಮೆ ಮಾಡೋ ಜಾರುಗುಂಡಿ, ಅಂದರೆ ಡಿಲೇ ಫೇಡರ್ ಅನ್ನು ಕೈಯಲ್ಲೇ ಮೇಲೆತ್ತಿ ಹಿಮ್ಮೇಳ ಶುರುವಾಗುವಷ್ಟರಲ್ಲಿ ಇಳಿಸಬೇಕು. ಮೌಸ್‌ನಲ್ಲಿ ಎಳೆದ ಮಟ್ಟ ತಾನಾಗಿ ಏರಿಳಿಸೋ ಆಟೊಮೇಷನ್ ಗೆರೆ ನನಗೆ ಯಾವತ್ತೂ ಒಗ್ಗಲಿಲ್ಲ. ಹಾಗಾಗಿ ಹಾಡು ಓಡುವಾಗ ಕೈ ಆಡಿಸುತ್ತೇನೆ, ಬಂದದ್ದನ್ನು ಇನ್ನೊಂದು ಟ್ರ್ಯಾಕ್‌ಗೆ ರೆಕಾರ್ಡ್ ಮಾಡುತ್ತೇನೆ, ಅದೇ ಪ್ರಿಂಟ್. ಮೂರು ಟೇಕ್, ಚೆನ್ನಾಗಿರೋದನ್ನ ಆರಿಸಿಕೊಂಡು ಎಫೆಕ್ಟ್ ಕೊಡುವ ಪ್ಲಗಿನ್‌ಗಳನ್ನೆಲ್ಲ ಆಫ್‌ಲೈನ್ ಮಾಡುತ್ತೇನೆ. ಆಮೇಲೆ ಲ್ಯಾಪ್‌ಟಾಪ್ ಫ್ಯಾನ್ ಕೂಡ ಸುಮ್ಮನಾಗುತ್ತದೆ.

ನಾನು ಬಳಸೋದು ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. 60 ಡಾಲರ್ ಲೈಸೆನ್ಸ್, ನಾನು ತಗೊಂಡಾಗ ಐದು ಸಾವಿರದ ಆಸುಪಾಸು ಬಿತ್ತು. ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ದನಿ ಕಳಿಸೋದು ಸೆಂಡು, ಅಲ್ಲಿ ಅದನ್ನು ಪಡೆಯೋದು ರಿಸೀವು, ಅದಕ್ಕಿಂತ ಹೆಚ್ಚು ಹೇಳುತ್ತಾ ಕೂರಲ್ಲ. ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ.

ಮೊದಲು ಪ್ರಿಂಟ್ ಟ್ರ್ಯಾಕ್‌ನ ರೆಕಾರ್ಡ್ ಮೋಡ್ ಅನ್ನು ಬರೀ ಔಟ್‌ಪುಟ್ ಸ್ಟೀರಿಯೊ ಅಂತ ಇಟ್ಟಿದ್ದೆ. ಹಲವು ಟ್ರ್ಯಾಕ್ ಬಂದು ಸೇರುವ ನಡುವಿನ ಟ್ರ್ಯಾಕ್‌ನಲ್ಲಿ, ಅಂದರೆ ಬಸ್‌ನಲ್ಲಿ, ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಕೂತಿತ್ತು. ಮುಂದೆ ಬರೋದನ್ನು ಮೊದಲೇ ನೋಡೋಕೆ (ಲುಕ್‌ಅಹೆಡ್) ಅದು ದನಿಯನ್ನು ಕೊಂಚ ತಡೆದಿಡುತ್ತದೆ. ಪ್ರಿಂಟ್ ಆದದ್ದನ್ನು ಮೂಲ ಟ್ರ್ಯಾಕ್ ಜೊತೆ ಸೇರಿಸಿ ಕೇಳಿದರೆ ಕಂಸಾಳೆಯ ಜೀವವೇ ಹೋಗಿತ್ತು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ, ಕಂಚಿಗೆ ಕಂಚು ತಾಗಿದಾಗ ಒಂದು ಚೂಪು ಬರುತ್ತದಲ್ಲ, ಅದು ಇಲ್ಲ. ಕೊಳವೆ ಒಳಗೆ ತಟ್ಟಿದ ಹಾಗೆ ಟೊಳ್ಳು. ದೊಡ್ಡದು ಮಾಡಿ ನೋಡಿದರೆ 220 ಸ್ಯಾಂಪಲ್‌ನಷ್ಟು ತಡ. ಸೆಕೆಂಡಿಗೆ 48 ಸಾವಿರ ಸ್ಯಾಂಪಲ್, ಅಂದರೆ 48 ಕಿಲೊಹರ್ಟ್ಸ್‌ನಲ್ಲಿ ನಾಲ್ಕೂವರೆ ಮಿಲಿಸೆಕೆಂಡ್ ಚಿಲ್ಲರೆ. ಕೊಳಲಿಗಾದರೆ ಗೊತ್ತಾಗುತ್ತಿರಲಿಲ್ಲವೇನೋ, ಕಂಸಾಳೆ ಬಿಡಲ್ಲ. ಒಂದು ಇಡೀ ರಾತ್ರಿ ಕ್ಲಿಪ್‌ಗಳನ್ನು ಕೈಯಲ್ಲಿ ಸರಿಸಿದೆ. ಮಾರನೇ ದಿನ ಒಂದು ಪ್ಲಗಿನ್ ಬದಲಿಸಿ ಮತ್ತೆ ಪ್ರಿಂಟ್ ಮಾಡಿದೆ, ತಡ ಬದಲಾಗಿ ಲೆಕ್ಕ ಎಲ್ಲಾ ಉಲ್ಟಾ. ಅದೇ ಮೆನುವಿನಲ್ಲಿ ಲೇಟೆನ್ಸಿ ಕಾಂಪೆನ್ಸೇಟೆಡ್ (ತಡವನ್ನು ತಾನೇ ಸರಿದೂಗಿಸೋದು) ಅಂತ ಇನ್ನೊಂದು ಮೋಡ್ ಇದೆ. ಅದನ್ನು ಒತ್ತಿದೆ, ಕೂತಲ್ಲೇ ಕೂತಿತು. ಆ ರಾತ್ರಿ ಈಗಲೂ ಹೊಟ್ಟೆ ಉರಿಸುತ್ತದೆ.

ಎರಡನೇ ಎಡವಟ್ಟಿನಲ್ಲಿ ದುಡ್ಡು ಹೋಯಿತು. ಹೋದ ವರ್ಷ ಇನ್ನೊಂದು ಮೇಳದ ಕೆಲಸ. ಪ್ರಿಂಟ್ ಆದಮೇಲೂ ರಿಸೀವ್ ಹಾಗೇ ತೆರೆದಿತ್ತು. ರೆಕಾರ್ಡ್ ಆದದ್ದೂ ಓಡುತ್ತಿದೆ, ಮೂಲವೂ ಬಂದು ಸೇರುತ್ತಿದೆ. ಒಂದೇ ಶಬ್ದ ಎರಡು ಸಲ, ಅಂದರೆ 6 ಡಿಬಿ ಜಾಸ್ತಿ. ಹಾಗೇ ಕೊಟ್ಟುಬಿಟ್ಟೆ. ಜಾತ್ರೆಯಲ್ಲಿ ಹಾಕಿದಾಗ ದನಿ ಒಡೆದು ಒಡೆದು ಬಂತಂತೆ. ಹನ್ನೆರಡು ಸಾವಿರದಲ್ಲಿ ನಾಲ್ಕು ಸಾವಿರ ವಾಪಸ್ ಕೊಟ್ಟೆ, ಮಿಕ್ಸನ್ನೂ ಮತ್ತೆ ಮಾಡಿಕೊಟ್ಟೆ. ಅವತ್ತಿನಿಂದ ಟೇಕ್ ಮುಗಿದ ತಕ್ಷಣ ರಿಸೀವ್ ಮ್ಯೂಟ್, ಆಮೇಲೇ ನೀರು ಕುಡಿಯೋದು. ಮೂಲ ಟ್ರ್ಯಾಕ್‌ಗಳ ಮಾಸ್ಟರ್ ಸೆಂಡ್ (ಕೊನೆಯ ಔಟ್‌ಪುಟ್‌ಗೆ ನೇರ ದಾರಿ) ಕೂಡ ತೆಗೆದಿರಬೇಕು. ಪ್ರಿಂಟ್ ಟ್ರ್ಯಾಕ್ ಮೇಲೆ ಒಂದು ಪ್ಲಗಿನ್ನೂ ಇರಬಾರದು. ಇದ್ದರೆ ರಿವರ್ಬ್ (ಕೋಣೆಯ ಗುಂಗಿನ ಎಫೆಕ್ಟ್) ಹಾಕಿದ್ದು ರೆಕಾರ್ಡ್ ಆಗುತ್ತದೆ, ಪ್ಲೇ ಮಾಡಿದಾಗ ಅದರ ಮೇಲೆ ಇನ್ನೊಂದು ರಿವರ್ಬ್. ನನ್ನ ಎಫೆಕ್ಟ್ ಎಲ್ಲಾ ನಡುವಿನ ಬಸ್‌ನಲ್ಲಿ, ಪ್ರಿಂಟ್ ಟ್ರ್ಯಾಕ್ ಬೋಳು.

ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕ್‌ನ ದನಿ ಸುತ್ತಿ ಅದಕ್ಕೇ ವಾಪಸ್ ಬರೋ ಫೀಡ್‌ಬ್ಯಾಕ್ ರೂಟಿಂಗ್‌ಗೆ ಅನುಮತಿ ಕೊಡುವ ಗುರುತು ಇದೆ. ಹೆಡ್‌ಫೋನ್ ಹಾಕಿಕೊಂಡು ಮುಟ್ಟಬೇಡಿ. ನನ್ನ ಕಿವಿ ಎರಡು ದಿನ ಗುಂಯ್ ಅಂತಿತ್ತು.

ಈ ಗಲಾಟೆ ನಡುವೆ ದನಿಗೆ ಗುಂಗು ಕೂಡಿಸೋಕೆ ಹಂಡೆ ಪ್ರಯೋಗವೂ ಆಯಿತು. ನಮ್ಮ ಬಚ್ಚಲಲ್ಲಿ ಅಜ್ಜಿ ಕಾಲದ ತಾಮ್ರದ ಹಂಡೆ ಇದೆ. ಲ್ಯಾಪ್‌ಟಾಪ್‌ಗೆ ಮೈಕ್, ಸ್ಪೀಕರ್ ಜೋಡಿಸೋ ಇಂಟರ್‌ಫೇಸ್‌ನಲ್ಲಿ ಇರೋದೇ ಎರಡು ಔಟ್‌ಪುಟ್. ಎಡದ್ದನ್ನು ಹಂಡೆ ಒಳಗಿಟ್ಟ ಸಣ್ಣ ಸ್ಪೀಕರ್‌ಗೆ ಕೊಟ್ಟೆ, ಬಲದ್ದು ನನ್ನ ಕಿವಿಗೆ. ಮುಂದಾಳಿನ ದನಿ ಮಾತ್ರ ಹಂಡೆಗೆ ಹೋಗಿ ಮೈಕ್ ಮೂಲಕ ಹೊಸ ಟ್ರ್ಯಾಕ್‌ಗೆ ವಾಪಸ್ ಬರಬೇಕು. ಆ ಟ್ರ್ಯಾಕ್‌ನ ಮಾನಿಟರಿಂಗ್ (ರೆಕಾರ್ಡ್ ಆಗುತ್ತಿರೋದು ಆಗಲೇ ಕೇಳಿಸೋದು) ಆಫ್, ಇಲ್ಲದಿದ್ದರೆ ಕೂಗುತ್ತದೆ. ಬ್ಲೂಟೂತ್‌ನಲ್ಲಿ ಕಳಿಸಿ ಒಂದು ಸಂಜೆ ಹಾಳು ಮಾಡಿದೆ, ತಡ ಒಂದೊಂದು ಸಲ ಒಂದೊಂದು ಥರ. ವೈರ್ ಹಾಕಿದ ಮೇಲೆ ಸರಿಹೋಯಿತು. ಹಾಡಿನ ತಲೆಯಲ್ಲಿ ಒಂದು ಚಿಟಿಕೆ ಸದ್ದು ಇಟ್ಟು, ಅದನ್ನು ನೋಡಿಕೊಂಡು ಕ್ಲಿಪ್ ಕೂರಿಸುತ್ತೇನೆ. ನಮ್ಮ ಮನೆ ರೈಲು ಹಳಿಗೆ ಹತ್ತಿರ. ಹಾಗಾಗಿ ಈ ಕೆಲಸ ರಾತ್ರಿ ಎರಡರ ಮೇಲೆ, ಅದೂ ರೈಲು ಇಲ್ಲದ ಹೊತ್ತು ನೋಡಿ. ಹಂಡೆಯಲ್ಲಿ ಎಷ್ಟು ನೀರು ಬಿಟ್ಟಿರುತ್ತೇನೆ, ಮೈಕ್ ಎಲ್ಲಿ ತೂಗುಹಾಕುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಅಷ್ಟು ಕಂಡುಹಿಡಿಯೋಕೆ ಹದಿನೈದು ರಾತ್ರಿ ಹಿಡಿದಿದೆ.

ಮಿಕ್ಸ್ ಕೇಳಿದ ಮುಂದಾಳು "ಇದ್ಯಾವ ಗುಡಿಯಲ್ಲಿ ಹಾಡಿದ್ದಪ್ಪಾ ನಾವು?" ಅಂತ ಕೇಳಿದರು. ಬಚ್ಚಲಿಗೆ ಕರ್ಕೊಂಡು ಹೋಗಿ ಹಂಡೆ ತೋರಿಸಿದೆ. ಬಗ್ಗಿ, ಬಾಯಿಗೆ ಮುಖ ಕೊಟ್ಟು "ಉಘೇ" ಅಂದರು. ಮುಂದಿನ ತಿಂಗಳು ಪೂಜಾ ಕುಣಿತದವರು ಬರುತ್ತಿದ್ದಾರೆ. ತಮಟೆಯನ್ನು ಹಂಡೆಗೆ ಕಳಿಸಿ ನೋಡಿದೆ, ಬರೀ ರಾಡಿ. ಅದಕ್ಕೆ ಈಗ ಖಾಲಿ ಭತ್ತದ ಪೆಟ್ಟಿಗೆ ಹುಡುಕುತ್ತಿದ್ದೇನೆ.