ಬಳ್ಳಾರಿ ಬಿಸಿಲಿಗೆ ಉದುರದ ಹಾಗೆ ಪೋಸ್ಟರ್ ಅಂಟಿಸುವುದು ಹೇಗೆ?

ಸಂಜೆ ಅಂಟಿಸಿದ ನಾಟಕದ ಪೋಸ್ಟರ್ ಮರುದಿನ ಮಧ್ಯಾಹ್ನದ ಹೊತ್ತಿಗೆ ಮೇಲಿನ ಎರಡು ಮೂಲೆ ಬಿಚ್ಚಿಕೊಂಡು ತಲೆಕೆಳಗಾಗಿ ಜೋಲುವುದು ಬಳ್ಳಾರಿಯಲ್ಲಿ ಮಾಮೂಲು. ಅಂಟಿಸಿದವರು ಮೈದಾ ಸರಿಯಿಲ್ಲ ಅಂತ ಅಂಗಡಿಯವನನ್ನು ಬೈಯುತ್ತಾರೆ. ಮೈದಾ ಚೆನ್ನಾಗಿಯೇ ಇರುತ್ತದೆ. ಇವರು ಗೋಡೆಯ ಧೂಳು ಒರೆಸಿರುವುದಿಲ್ಲ, ಅದರ ಕಾವು ಇಳಿಯುವವರೆಗೆ ಕಾದಿರುವುದಿಲ್ಲ.

ಮೊದಲು ಅನುಮತಿ. ಖಾಸಗಿ ಗೋಡೆಯಾದರೆ ಮನೆಯವರನ್ನೋ ಅಂಗಡಿಯವರನ್ನೋ ಕೇಳಿ. ಜನರ ಕಣ್ಣಿಗೆ ಬೀಳುವ ಜಾಗಗಳನ್ನು ವಿರೂಪ ಮಾಡುವುದನ್ನು ತಡೆಯಲೆಂದೇ ಕರ್ನಾಟಕದಲ್ಲಿ 1981ರ ಕಾಯ್ದೆಯಿದೆ. ಅದರ ಪ್ರಕಾರ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಬೇಕು. ಮೀರಿದರೆ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಪಾಲಿಕೆಗೆ ಒಂದು ಅರ್ಜಿ ಕೊಟ್ಟು ಅನುಮತಿ ಪತ್ರದ ಜೆರಾಕ್ಸ್ ಜೇಬಿನಲ್ಲಿ ಇಟ್ಟುಕೊಳ್ಳಿ. ಕೋಟೆಯ ಕಲ್ಲಿನ ಹತ್ತಿರ ಮಾತ್ರ ಸುಳಿಯಲೇಬೇಡಿ. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗೆ ಒದ್ದೆ ಕುಂಚ ಹಚ್ಚುವುದು ಜೀವಕ್ಕೇ ಅಪಾಯ. ಮರಕ್ಕೆ ಮೊಳೆ ಹೊಡೆಯುವವರಿಗೆ ಈ ಲೇಖನವಲ್ಲ. ಫ್ಲೆಕ್ಸ್ ಮಾಡಿಸಿದರೆ ಈ ತಾಪತ್ರಯವೇ ಇಲ್ಲ ಎನ್ನುವವರಿಗೆ ಒಂದು ಮಾತು: ರಾಜ್ಯದಲ್ಲಿ ಅದು 2016ರಿಂದಲೇ ನಿಷೇಧ.

ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೊ, ಅಂದರೆ ಮಿರುಗದ ಬಿಳಿ ಮುದ್ರಣ ಕಾಗದ ಇರಲಿ, ಅಳತೆ 20x30 ಇಂಚು. ನ್ಯೂಸ್‌ಪ್ರಿಂಟ್ ಅಗ್ಗ, ಆದರೆ ಅಂಟು ಹಚ್ಚಿ ಎತ್ತಿದರೆ ಕೈಯಲ್ಲೇ ಹರಿಯುತ್ತದೆ. ಮಿರಿಮಿರಿ ಆರ್ಟ್ ಪೇಪರ್ ಅಂಟನ್ನು ಕುಡಿಯುವುದಿಲ್ಲ, ಒಣಗಿದಂತೆ ಸುರುಳಿ ಸುತ್ತುತ್ತದೆ. ಪ್ರೆಸ್ಸಿನವರು ಎಷ್ಟೇ ಹೊಗಳಲಿ, ಬೇಡ ಅನ್ನಿ. ಇಂಕ್‌ಜೆಟ್‌ನಲ್ಲಿ ತೆಗೆದ ಪ್ರಿಂಟ್ ನೀರು ತಾಗಿದರೆ ಇಳಿಯುತ್ತದೆ, ಆಫ್‌ಸೆಟ್ ಅಥವಾ ಜೆರಾಕ್ಸ್ ಇಳಿಯುವುದಿಲ್ಲ. ತಾರೀಖು ಮತ್ತು ಜಾಗದ ಅಕ್ಷರ ಮೂರು ಇಂಚು ಎತ್ತರ ಇದ್ದರೆ ರಸ್ತೆಯ ಆಚೆ ಬದಿಯಿಂದ, ಅಂದರೆ ಮೂವತ್ತು ಅಡಿಯಿಂದ, ಸಲೀಸಾಗಿ ಓದಬಹುದು. ನಮ್ಮೂರಲ್ಲಿ ತೆಲುಗು ಓದುವವರೂ ಬಹಳ, ಕೌಲ್ ಬಜಾರಿನ ಕಡೆ ಉರ್ದು. ಊರು, ದಿನ, ಸಮಯ ಇಷ್ಟನ್ನಾದರೂ ಆ ಲಿಪಿಯಲ್ಲಿ ಒಂದು ಸಾಲು ಹಾಕಿಸಿ. ಚುನಾವಣೆಯ ಪೋಸ್ಟರ್ ಆದರೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಕಡ್ಡಾಯ.

ಅಂಟು ಮನೆಯಲ್ಲೇ ಕುದಿಸಿ. ಒಂದು ಕಿಲೋ ಮೈದಾಕ್ಕೆ ಎಂಟು ಲೀಟರ್ ನೀರು. ಎರಡು ಲೀಟರ್ ತಣ್ಣೀರಿನಲ್ಲಿ ಮೈದಾ ಗಂಟಿಲ್ಲದಂತೆ ಕಲಸಿ, ಉಳಿದ ಆರು ಲೀಟರ್ ಕುದಿ ಬಂದ ಮೇಲೆ ಅದಕ್ಕೆ ಈ ಹಿಟ್ಟನ್ನು ಸಣ್ಣಧಾರೆಯಾಗಿ ಬಿಡುತ್ತ ತಿರುವಿ. ಹತ್ತು ನಿಮಿಷದಲ್ಲಿ ಹಾಲಿನ ಬಿಳುಪು ಹೋಗಿ ಮಬ್ಬು ಗಾಜಿನಂತಾಗುತ್ತದೆ. ಅಲ್ಲಿಗೆ ಇಳಿಸಿ. ಬಿಳುಪು ಇರುವಾಗಲೇ ಇಳಿಸಿದರೆ ಅದು ಅಂಟಲ್ಲ, ಹಿಟ್ಟಿನ ನೀರು. ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಹುಳ ಬರಬಾರದೆಂದು ಮೈಲುತುತ್ತ ಹಾಕುವ ರೂಢಿಯಿದೆ. ದಯವಿಟ್ಟು ಬಿಡಿ. ಬಿಡಾಡಿ ದನ, ಆಡು, ಕುರಿ ಪೋಸ್ಟರನ್ನು ಕಿತ್ತು ತಿನ್ನುವ ಊರಿದು, ಮೈಲುತುತ್ತದಲ್ಲಿರುವ ತಾಮ್ರ ಕುರಿಗಂತೂ ದೊಡ್ಡ ವಿಷ. ಆ ದಿನದ ಅಂಟನ್ನು ಆ ದಿನವೇ ಮುಗಿಸಿದರೆ ಮೈಲುತುತ್ತದ ಗೊಡವೆಯೇ ಇಲ್ಲ. ಬಿಳಿ ಫೆವಿಕಾಲ್ ಪೂರ್ತಿ ಬಳಿದರೆ ತೆಗೆಯುವಾಗ ಗೋಡೆಯ ಬಣ್ಣವೂ ಕಿತ್ತು ಬರುತ್ತದೆ, ಮುಂದಿನ ಸಲ ಆ ಮಾಲೀಕರು ಬಾಗಿಲು ತೆರೆಯುವುದಿಲ್ಲ. ಸೆಲೊ ಟೇಪು ಈ ಬಿಸಿಲಿಗೆ ಕರಗಿ ಜಾರುತ್ತದೆ.

ಈಗ ಗೋಡೆ. ಎಲ್ಲರೂ ಎಡವುವುದು ಇಲ್ಲೇ. ಅಂಗೈಯಿಂದ ಒಮ್ಮೆ ಒರೆಸಿ ನೋಡಿ. ಕೈಗೆ ಬಿಳಿ ಪುಡಿ ಬಂದರೆ ಸುಣ್ಣದ ಗೋಡೆ: ಅಂಟು ಹಿಡಿಯುವುದು ಸುಣ್ಣದ ಹಕ್ಕಳೆಯನ್ನು, ಆ ಹಕ್ಕಳೆ ಗೋಡೆಯನ್ನು ಬಿಟ್ಟ ದಿನ ಪೋಸ್ಟರೂ ಬೀಳುತ್ತದೆ. ಕೈ ಕೆಂಪಾದರೆ ಅದಿರು ಲಾರಿಗಳು ಓಡಾಡುವ ರಸ್ತೆಯ ಧೂಳು. ಎರಡಕ್ಕೂ ಮದ್ದು ಒಂದೇ. ಗಟ್ಟಿ ಕಸಬರಿಗೆಯಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ತೆಳು ಅಂಟಿನ ಒಂದು ಕೈ ಬಳಿದು ಹತ್ತು ನಿಮಿಷ ಆರಲು ಬಿಡಿ. ಬರೀ ಸಿಮೆಂಟ್ ಗೋಡೆ ನೀರನ್ನು ಹೀರುತ್ತದೆ, ಮೊದಲು ನೀರು ಚಿಮುಕಿಸಿ. ಆಯಿಲ್ ಪೇಂಟಿನ ಗೋಡೆ ಜಾರುತ್ತದೆ. ಅದಕ್ಕೆ ಮಾತ್ರ ಒಂದು ಲೀಟರ್ ಅಂಟಿಗೆ ಎರಡು ಚಮಚ ಫೆವಿಕಾಲ್ ಬೆರೆಸಬಹುದು. ಹಳೆಯ ಪೋಸ್ಟರು ನಾಲ್ಕೈದು ಪದರ ಕೂತಿದ್ದರೆ ಅದರ ಮೇಲೆ ಅಂಟಿಸಬೇಡಿ, ತನ್ನ ಭಾರಕ್ಕೆ ತಾನೇ ಇಡಿಯಾಗಿ ಕಳಚುತ್ತದೆ. ತಾರೀಖು ಮುಗಿಯದ ಇನ್ನೊಬ್ಬರ ಪೋಸ್ಟರ್ ಮುಚ್ಚುವುದು ಜಗಳಕ್ಕೆ ಕರೆ. ಶ್ರದ್ಧಾಂಜಲಿಯದನ್ನು ಎಷ್ಟೇ ಹಳೆಯದಾದರೂ ಮುಚ್ಚಬೇಡಿ.

ಕಾವಿನ ಲೆಕ್ಕ ಬೇರೆ. ಕಾದ ಗೋಡೆ ಅಂಟಿನ ನೀರನ್ನು ಕಚ್ಚಿಕೊಳ್ಳುವ ಮೊದಲೇ ಆರಿಸಿಬಿಡುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ ಬೇಸಿಗೆಯಲ್ಲಿ ರಾತ್ರಿ ಊಟದ ಹೊತ್ತು ದಾಟಿದರೂ ಬಿಸಿ ಬಿಟ್ಟಿರುವುದಿಲ್ಲ. ಅಂಗೈ ಊರಿ ಹತ್ತು ಎಣಿಸಿ, ತಂಪೆನಿಸಿದರೆ ಮಾತ್ರ ಕೆಲಸ ಶುರು. ಫೆಬ್ರುವರಿಯಿಂದ ಜೂನ್ ತನಕ ನಸುಕಿನ ನಾಲ್ಕೂವರೆಯಿಂದ ಆರು ಗಂಟೆಯೇ ಸರಿಯಾದ ಸಮಯ. ಆಷಾಢದಲ್ಲಿ ಗಾಳಿ ಇರುತ್ತದೆ, ಇಬ್ಬರು ಬೇಕು.

ಅಂಟನ್ನು ಕಾಗದದ ಹಿಂಬದಿಗೂ ಗೋಡೆಗೂ ಹಚ್ಚಿ. ಹಚ್ಚಿದ ಕಾಗದವನ್ನು ಅಂಟಿನ ಬದಿ ಒಳಗಾಗುವಂತೆ ಸಡಿಲವಾಗಿ ಮಡಚಿ ಎರಡು ನಿಮಿಷ ಬಿಡಿ. ನೆನೆದ ಕಾಗದ ಹಿಗ್ಗುತ್ತದೆ. ಅದು ಗೋಡೆಯ ಮೇಲೆ ಹಿಗ್ಗಿದರೆ ಸುಕ್ಕು, ಮೊದಲೇ ಹಿಗ್ಗಿದ್ದರೆ ಒಣಗುವಾಗ ಬಿಗಿಯಾಗಿ ಕೂರುತ್ತದೆ. ಮೇಲಿನ ಅಂಚು ಮೊದಲು ಕೂರಿಸಿ, ಒಣ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಎಳೆಯಿರಿ. ಸಣ್ಣ ಗುಳ್ಳೆ ತಾನಾಗಿ ಹೋಗುತ್ತದೆ. ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದರೆ ಅಂಚು ಎತ್ತಿ ಮತ್ತೆ ಒತ್ತಿ. ಕಡೆಗೆ ನಾಲ್ಕೂ ಅಂಚಿನ ಮೇಲೆ, ಒಂದಿಂಚು ಗೋಡೆಗೂ ಚಾಚುವಂತೆ, ತೆಳು ಅಂಟು ಸವರಿ. ಮೊದಲು ಒಣಗುವುದು ಅಂಚು, ಮೊದಲು ಬಿಚ್ಚುವುದೂ ಅದೇ. ಕೆಲವರು ಇಡೀ ಪೋಸ್ಟರಿನ ಮುಖಕ್ಕೇ ಅಂಟು ಬಳಿಯುತ್ತಾರೆ. ಆಡುಗಳಿಗೆ ಊಟ ಬಡಿಸಿದ ಹಾಗೆ.

ಆಡು ಹಿಂಗಾಲ ಮೇಲೆ ನಿಂತರೆ ಎಲ್ಲಿಯವರೆಗೆ ಬಾಯಿ ಚಾಚೀತು ಎಂಬುದೇ ಎತ್ತರದ ಅಳತೆ. ಪೋಸ್ಟರಿನ ಕೆಳಗಿನ ಅಂಚು ಆರಡಿ ಮೇಲಿರಲಿ. ಗೋಡೆಗೆ ಕಟ್ಟೆ ಇದ್ದರೆ ಆರಡಿಯನ್ನು ಕಟ್ಟೆಯಿಂದ ಅಳೆಯಿರಿ, ನೆಲದಿಂದಲ್ಲ.

ಕಾರ್ಯಕ್ರಮ ಮುಗಿದ ಮರುದಿನ ತೆಗೆಯಿರಿ: ಬಿಸಿನೀರು ಚಿಮುಕಿಸಿ ಹದಿನೈದು ನಿಮಿಷ ಬಿಟ್ಟು, ಬಣ್ಣದವರು ಬಳಸುವ ಪಟ್ಟಿ ಬ್ಲೇಡಿನಿಂದ ಹೆರೆದರೆ ಹಾಳೆಯಾಗಿ ಬರುತ್ತದೆ. ಉಳಿದ ಅಂಟನ್ನು ಚರಂಡಿಗೆ ಸುರಿಯಬೇಡಿ, ಅಲ್ಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ತಿಪ್ಪೆಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಕುಂಚವನ್ನು ಆಗಲೇ ತೊಳೆಯದಿದ್ದರೆ ಮುಂದಿನ ಸಲಕ್ಕೆ ಹೊಸದು ತರಬೇಕಾಗುತ್ತದೆ.