ವಿಮಾನದ ಸಮಯ ನೀವೇ ಲೆಕ್ಕ ಹಾಕಿ
ಕೊಡಗಿನಲ್ಲಿ ಏರ್‌ಪೋರ್ಟ್ ಇಲ್ಲ, ಹಾಗಾಗಿ ವಿರಾಜಪೇಟೆ ಕಡೆಯವರಿಗೆ ಕಣ್ಣೂರೇ ಹತ್ತಿರ, ರಸ್ತೆಯಲ್ಲಿ ಸುಮಾರು 60 ಕಿ.ಮೀ. ಅಲ್ಲಿಂದ ಬೆಂಗಳೂರಿಗೆ ಹಾರಲು ಎಷ್ಟು ಹೊತ್ತು?

ಮೊದಲು ಗೂಗಲ್ ಮ್ಯಾಪ್ ತೆರೆದು ಎರಡು ಏರ್‌ಪೋರ್ಟ್‌ಗಳ ನಡುವೆ ನೇರ ಗೆರೆ ಅಳೆಯಿರಿ, ರಸ್ತೆ ದೂರ ಬೇಡ, ವಿಮಾನಕ್ಕೆ ನಮ್ಮ ಘಾಟಿ ತಿರುವುಗಳ ಕಾಟ ಇಲ್ಲವಲ್ಲ! ಸುಮಾರು 275 ಕಿ.ಮೀ. ಬರುತ್ತದೆ. ರೆಕ್ಕೆಯಲ್ಲಿ ಫ್ಯಾನ್ ಇರುವ ಚಿಕ್ಕ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ., ಅಂದರೆ 33 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ, ರನ್‌ವೇವರೆಗೂ ಉರುಳಬೇಕು, ಅದಕ್ಕೆ ಅರ್ಧ ಗಂಟೆ ಸೇರಿಸಿ. ಒಟ್ಟು ಒಂದು ಗಂಟೆ ಚಿಲ್ಲರೆ. ದೊಡ್ಡ ಜೆಟ್ ಆದರೂ ಇಷ್ಟು ಹತ್ತಿರಕ್ಕೆ ಸಮಯ ಜಾಸ್ತಿ ಉಳಿಯುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗುವ ದಾರಿಯ ಮಾಕುಟ್ಟ ಘಾಟಿಗೆ ಒಂದು ಗಂಟೆ ಹೆಚ್ಚೇ ಇಟ್ಟುಕೊಳ್ಳಿ, ಯಾವಾಗ ಮರ ಬೀಳುತ್ತದೋ ಹೇಳಕ್ಕಾಗಲ್ಲ.