ಕಾಮನ್ ರೋಸ್, ಮಲಬಾರ್ ರೋಸ್: ಬೇರ್ಪಡಿಸಲು ಕಲಿತ ಬಗೆ

ನಮ್ಮ ಅಡಿಕೆ ತೋಟದ ಬೇಲಿಗೆ ಹಬ್ಬಿರುವ ಈಶ್ವರಿ ಬಳ್ಳಿಯಲ್ಲಿ ಕಾಮನ್ ರೋಸ್ ಚಿಟ್ಟೆ ಮೊಟ್ಟೆಯಿಡುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಅದರ ಹತ್ತಿರದ ಸಂಬಂಧಿಯಾದ ಮಲಬಾರ್ ರೋಸ್ ಪಶ್ಚಿಮ ಘಟ್ಟವನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ; ಅದನ್ನು ನೋಡಲು ನಾನು ತೋಟ ದಾಟಿ, ಹಳ್ಳದಾಚೆಯ ದಟ್ಟ ಕಾಡಿನ ಅಂಚಿಗೆ ಹೋಗಬೇಕು. ಎರಡಕ್ಕೂ ಕಪ್ಪು ರೆಕ್ಕೆ, ಕೆಂಪು ಮೈ, ಹಿಂರೆಕ್ಕೆಯ ನಡುವೆ ಬಿಳಿ ಪಟ್ಟೆ, ತುದಿಗೆ ಬಾಲ.

ಮೊದಲ ಎರಡು ವರ್ಷ ನಾನು ಬಿಳುಪು ದೊಡ್ಡದಾಗಿ ಕಂಡದ್ದನ್ನೆಲ್ಲ ಮಲಬಾರ್ ರೋಸ್ ಎಂದೇ ಬರೆದುಕೊಂಡೆ. ಅದು ತಪ್ಪಾಗಿತ್ತು, ಏಕೆಂದರೆ ಕಾಮನ್ ರೋಸ್‌ನಲ್ಲಿ ಬಿಳುಪಿನ ಅಳತೆ ಒಂದೊಂದು ಚಿಟ್ಟೆಗೆ ಒಂದೊಂದು ರೀತಿ ಇರುತ್ತದೆ. ನೋಡಬೇಕಾದದ್ದು ಬಿಳುಪು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದನ್ನು. ರೆಕ್ಕೆಯ ಬುಡದಿಂದ ಹೊರಟ ನರಗಳು ಸುತ್ತುಗಟ್ಟಿದ ಉದ್ದನೆಯ ಜಾಗಕ್ಕೆ ಕೋಶ ಎನ್ನುತ್ತಾರೆ. ಕಾಮನ್ ರೋಸ್‌ನಲ್ಲಿ ಬಿಳಿ ಮಚ್ಚೆಗಳು ಬಹುಮಟ್ಟಿಗೆ ಕೋಶದ ಹೊರಗೇ ಸಾಲುಗಟ್ಟಿರುತ್ತವೆ, ಹೆಚ್ಚೆಂದರೆ ಅದರ ತುದಿಯನ್ನು ಮುಟ್ಟುತ್ತವೆ. ಮಲಬಾರ್ ರೋಸ್‌ನಲ್ಲಿ ಬಿಳುಪು ಕೋಶದೊಳಕ್ಕೂ ಧಾರಾಳವಾಗಿ ಹರಡಿ ಒಂದೇ ದೊಡ್ಡ ಪಟ್ಟೆಯಂತೆ ಕಾಣುತ್ತದೆ.

ಇದನ್ನು ಕಣ್ಣಿನಿಂದಲೇ ಹಿಡಿಯುವುದು ಕಷ್ಟ, ಏಕೆಂದರೆ ಹೂವಿನ ಮೇಲೆ ಕೂತಾಗಲೂ ಇವು ರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ನಾನು ಬೆಳಗಿನ ಬಿಸಿಲು ಬೀಳುವ ಕೇಪುಳದ ಪೊದೆಯ ಬಳಿ ಕಾದು ಕೂತು, ಶಟರ್ ವೇಗವನ್ನು 1/1000 ಸೆಕೆಂಡಿಗಿಂತ ಹೆಚ್ಚಿಗೆ ಇಟ್ಟು, ಒಂದರ ಹಿಂದೊಂದು ಹತ್ತಾರು ಚಿತ್ರ ತೆಗೆಯುತ್ತೇನೆ. ಅವುಗಳಲ್ಲಿ ಹಿಂರೆಕ್ಕೆ ಪೂರ್ತಿ ಬಿಚ್ಚಿರುವುದು ಒಂದು ಸಿಕ್ಕರೂ ಸಾಕು. ಮೈ ಕೆಂಪಾಗಿರುವುದನ್ನೂ ಅದೇ ಚಿತ್ರದಲ್ಲಿ ಖಚಿತಪಡಿಸಿಕೊಳ್ಳುತ್ತೇನೆ. ಕಾಮನ್ ಮಾರ್ಮನ್ ಎಂಬ ಬೇರೊಂದು ಚಿಟ್ಟೆಯ ಹೆಣ್ಣಿನ ಒಂದು ರೂಪವು ವಿಷವುಳ್ಳ ಕಾಮನ್ ರೋಸ್‌ನ ವೇಷವನ್ನು ಚೆನ್ನಾಗಿಯೇ ತೊಟ್ಟಿರುತ್ತದೆ, ಆದರೆ ಅದರ ಮೈ ಕಪ್ಪು.

ಆಹಾರ ಸಸ್ಯ ಅರ್ಧ ಮಾತ್ರ ನೆರವಾಗುತ್ತದೆ. ಮಲಬಾರ್ ರೋಸ್ ಮೊಟ್ಟೆಯಿಡುವುದನ್ನು ನಾನು ಕಂಡಿರುವುದು ಕಾಡಿನ ನೆರಳಲ್ಲಿ ಬೆಳೆಯುವ ಥೊಟ್ಟಿಯಾ ಸಿಲಿಕ್ವೋಸಾ ಗಿಡದ ಮೇಲೆ ಮಾತ್ರ. ಆದರೆ ಕಾಮನ್ ರೋಸ್ ಕೂಡ ಅದೇ ಗಿಡವನ್ನು ಬಳಸುವುದರಿಂದ, ಅಲ್ಲಿ ಸಿಕ್ಕ ಮರಿಹುಳುವಿಗೆ ಹೆಸರು ಕೊಡುವ ಮೊದಲು ಚಿಟ್ಟೆ ಹೊರಬರುವವರೆಗೆ ಕಾಯುತ್ತೇನೆ. ಆ ಗಿಡ ಉಳಿಯಲೆಂದೇ ಹಳ್ಳದಾಚೆಯ ನಮ್ಮ ಜಾಗದಲ್ಲಿ ಸೊಪ್ಪು ಕಡಿಯುವುದನ್ನು ನಿಲ್ಲಿಸಿದ್ದೇವೆ.

ಹಳೆಯ ಪುಸ್ತಕದಲ್ಲಿ ಚಿತ್ರದ ಆಧಾರವಿಲ್ಲದ ‘ಮಲಬಾರ್ ರೋಸ್’ ನಮೂದುಗಳನ್ನೆಲ್ಲ ಹೊಡೆದುಹಾಕಿ, ‘ರೋಸ್, ಜಾತಿ ಖಚಿತವಿಲ್ಲ’ ಎಂದು ತಿದ್ದಿದ್ದೇನೆ.